ಬೇರಿಂಗಿಗೆ ಕಾವಲು ಕೂತ ಸದಾನಂದ ರಾಯರು

ಮದರಾಸಿನ ರಾಯಪುರಂನ ಮುಖ್ಯಪ್ರಾಣ ಕಾಫಿ ಕ್ಲಬ್ಬಿನ ಮಾಲೀಕ ಸದಾನಂದ ರಾಯರಿಗೆ ಲೋಕದಲ್ಲಿ ಯಾರ ಮೇಲೂ ದ್ವೇಷವಿರಲಿಲ್ಲ. ಸಂಶಯ ಮಾತ್ರ ಎಲ್ಲರ ಮೇಲೂ ಸರಿಸಮವಾಗಿ ಇತ್ತು. ಹಾಲಿನವಳು ಬಂದರೆ ಹಾಲಿಗೆ ಗಾಜಿನ ಕೊಳವೆ ಇಳಿಸಿ ನೀರು ಎಷ್ಟೆಂದು ನೋಡುವರು. ಆಮೇಲೆ ಆ ಕೊಳವೆ ಮಾರಿದವನ ಮೇಲೆಯೇ ಸಂಶಯ ಬಂದು, ಇನ್ನೊಂದು ಅಂಗಡಿಯಿಂದ ಇನ್ನೊಂದು ಕೊಳವೆ ತಂದು ಮೊದಲನೆಯದನ್ನು ಪರೀಕ್ಷಿಸುವರು. ಹೆಂಡತಿ ಅಮ್ಮಣ್ಣಿಗೆ ಜ್ವರ ಬಂದಾಗ ಡಾಕ್ಟರರ ಥರ್ಮಾಮೀಟರನ್ನು ಅವಳ ಬಾಯಿಂದ ತೆಗೆದು ತಮ್ಮ ಬಾಯಿಗೂ ಇಟ್ಟುಕೊಂಡು, ಅದು ಸುಳ್ಳು ಹೇಳುವುದಿಲ್ಲವೆಂದು ಖಾತ್ರಿ ಮಾಡಿಕೊಂಡಿದ್ದರು. ಮೂರನೆಯ ದಿನ ಅವರಿಗೂ ಜ್ವರ ಬಂತು, ಆ ಮಾತು ಬೇರೆ.

ಇಂಥ ಸಂಶಯ ಸುಮ್ಮನೆ ಬರುವುದಿಲ್ಲ. ಬೆಳಿಗ್ಗೆ ಖರ್ಚಾಗದೆ ಉಳಿದ ಇಡ್ಲಿಗಳೆಲ್ಲ ಸಂಜೆ ನಾಲ್ಕಕ್ಕೆ ಪುಡಿಯಾಗಿ, ಸಾಸಿವೆ ಕರಿಬೇವಿನ ಒಗ್ಗರಣೆ ಬಿದ್ದು, ಬೋರ್ಡಿನ ಮೇಲೆ 'ಇಂದಿನ ಸ್ಪೆಷಲ್: ಇಡ್ಲಿ ಉಪ್ಪಿಟ್ಟು' ಎಂದು ಅವತಾರವೆತ್ತುತ್ತಿದ್ದವು. ಹನ್ನೊಂದು ವರ್ಷದಿಂದ ಈ ಗುಟ್ಟು ತನಗೆ, ಅಡುಗೆಯ ತಿರುಮಲನಿಗೆ ಮತ್ತು ದೇವರಿಗೆ ಬಿಟ್ಟರೆ ನಾಲ್ಕನೆಯವರಿಗೆ ಗೊತ್ತಿಲ್ಲವೆಂದು ರಾಯರ ನಂಬಿಕೆ. ಹಳೆಯದನ್ನು ಹೊಸದೆಂದು ದಾಟಿಸುವುದು ಎಷ್ಟು ಸಲೀಸೆಂದು ಬಲ್ಲವರು ಬೇರೆಯವರನ್ನು ನಂಬುವುದಾದರೂ ಹೇಗೆ?

ನಯಾಪೈಸೆ ಬಂದ ವರ್ಷ ರಾಯರು ಮಿಲಿಟರಿ ಹರಾಜಿನಲ್ಲಿ ಒಂದು ಜೀಪು ತೆಗೆದುಕೊಂಡರು. ನಾಲ್ಕು ಚಕ್ರಕ್ಕೂ ಇಂಜಿನ್ನಿನ ಬಲ ಇರುವ ಜೀಪು, ಬರ್ಮಾದ ಕಾಡು ಹತ್ತಿಳಿದದ್ದಂತೆ. ಕೊತ್ವಾಲ್ ಚಾವಡಿ ಮಾರುಕಟ್ಟೆಯಿಂದ ತೆಂಗಿನಕಾಯಿ ತರಲು ಇಷ್ಟು ಬಲ ಯಾಕೆಂದು ಹಿಂದಿನ ಮನೆಯ ಮಹಡಿಯ ಭೀಮಾಬಾಯಿ ಕೇಳಿದರು. ರಾಯರ ಕಣ್ಣು ರಾಯಪುರಂ ದಾಟಿ ಟಿ. ನಗರದ ಮೇಲಿತ್ತು. ಅಲ್ಲಿ ವಕೀಲ ಬದರಿನಾಥ ರಾಯರ ಕಟ್ಟಡದಲ್ಲಿ ಒಂದು ಅಂಗಡಿ ಖಾಲಿಯಾಗಿತ್ತು. ವಕೀಲರು ಹೇಳಿದ್ದು ಇಷ್ಟೇ: "ನಮ್ಮ ಜಯಲಕ್ಷ್ಮೀ ಮದುವೆಯ ದಿವಸ ಬೀಗರಿಗೆ ಬೆಳಗಿನ ತಿಂಡಿ ನಿಮ್ಮದು. ಏಳೂವರೆಗೆ ಮುನ್ನೂರು ಎಲೆಗೆ ಬಿಸಿಬಿಸಿ ಇಡ್ಲಿ ಬಿದ್ದರೆ ಅಂಗಡಿಯ ಬೀಗದಕೈಯೂ ನಿಮ್ಮದು."

ಮದುವೆಗೆ ಒಂಬತ್ತು ದಿನ ಇರುವಾಗ ಜೀಪಿನ ಮುಂದಿನ ಚಕ್ರಗಳು ಗುಂಯ್ ಎನ್ನತೊಡಗಿದವು.

ಎರಡು ಬೀದಿ ಆಚೆ ಏಳುಮಲೈಯ ಶೆಡ್ಡು. ಯುದ್ಧಕಾಲದಲ್ಲಿ ಬೆಂಗಳೂರಿನ ಮಿಲಿಟರಿ ವರ್ಕ್‌ಶಾಪಿನಲ್ಲಿ ಇದ್ದವನು, ಕನ್ನಡ ಚೆನ್ನಾಗಿ ಬರುತ್ತಿತ್ತು. ಹೋಟೆಲಿನ ಮೂಲೆಮೇಜಿನಲ್ಲಿ ದಿನಾ ಸಂಜೆ ತಿಂಡಿ ತಿನ್ನುವವನೂ ಹೌದು. ಅವನು ಜೀಪಿನ ಮುಂಭಾಗವನ್ನು ಜಾಕಿನಿಂದ ಎತ್ತಿ, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದ. ಚಕ್ರ ಲಟಲಟ ಎಂದಿತು.

"ಎರಡು ಕಡೆನೂ ಬೇರಿಂಗ್ ಹೋಗಿದೆ ಸಾಮಿ. ಒಂದೊಂದು ಚಕ್ರದಲ್ಲಿ ಒಳಗೊಂದು ಹೊರಗೊಂದು, ಒಟ್ಟು ನಾಲ್ಕು. ಬದಲಾಯಿಸ್ಬೇಕು."

ರಾಯರು ಆ ಸಂಜೆಯೇ ಭಾವಮೈದ ಕಿಟ್ಟಣ್ಣನ ಸಲಹೆ ಕೇಳಿದರು. ಕಿಟ್ಟಣ್ಣ ಬಂದರಿನ ಬಳಿ ಒಂದು ಕಂಪನಿಯಲ್ಲಿ ಗುಮಾಸ್ತ. ಸೈಕಲ್ಲು ಕೂಡ ಓಡಿಸಿ ಗೊತ್ತಿಲ್ಲ, ಆದರೆ ಯಂತ್ರಗಳ ವಿಷಯದಲ್ಲಿ ಅವನಿಗೆ ತಿಳಿಯದ್ದಿಲ್ಲ.

"ಭಾವ, ನೀವು ಮೋಸ ಹೋಗ್ತೀರಿ," ಎಂದ ಕಿಟ್ಟಣ್ಣ. "ಹೊಸತು ಅವನ ಜೇಬಿಗೆ, ಹಳತಕ್ಕೆ ಗ್ರೀಸು ಬಳಿದು ಪುನಃ ನಿಮ್ಮ ಗಾಡಿಗೆ. ಗ್ರೀಸಿನ ಒಳಗೆ ಎಂಥ ಉಂಟು ಅಂತ ಯಾರಿಗೆ ಕಾಣ್ತದೆ?"

ಈ ಮಾತು ರಾಯರ ಎದೆಗೆ ನೇರವಾಗಿ ನಾಟಿತು. ಒಗ್ಗರಣೆಯ ಒಳಗೆ ಏನಿದೆ ಎಂದು ಯಾರಿಗೂ ಕಾಣುವುದಿಲ್ಲ ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು!

ಬೇರಿಂಗುಗಳನ್ನು ತಾವೇ ಕೊಂಡರು. ಕೊಂಡು ನೇರ ಸೌಕಾರ್‌ಪೇಟೆಯ ಪಾತ್ರೆ ಅಂಗಡಿಗೆ ಹೋದರು. ಹೋಟೆಲಿನ ಲೋಟ, ತಟ್ಟೆ, ಸೌಟು ಎಲ್ಲದರ ಮೇಲೂ 'ಮು. ಕಾ. ಕ್ಲಬ್' ಎಂದು ಹೆಸರು ಕೊರೆದುಕೊಟ್ಟವನು ಅಲ್ಲಿಯ ಮುದುಕ. ಹೆಸರು ಕೊರೆಸದ ಸಾಮಾನು ಮನೆ ಬಾಗಿಲು ದಾಟಕೂಡದು ಎಂಬುದು ರಾಯರ ವಂಶದಲ್ಲೇ ಬಂದ ನಿಯಮ. ಮುದುಕ ಬೇರಿಂಗನ್ನು ತೊಡೆಯ ಮೇಲಿಟ್ಟುಕೊಂಡು ಉಳಿ ಇಟ್ಟು ಹೊಡೆದ. ಉಳಿಯ ಮೊನೆ ಹಾರಿತು. ಇನ್ನೊಂದು ಉಳಿ ತಂದ. ಅದೂ ಹಾರಿತು.

"ಇದೇನು ಪಾತ್ರೆ ಸ್ವಾಮಿ?" ಎಂದು ಮುದುಕ ಬೇರಿಂಗನ್ನು ತಿರುಗಿಸಿ ನೋಡಿದ. "ತಳವೇ ಇಲ್ಲವಲ್ಲ!"

ಕೊನೆಗೆ ರಾಯರು ನಾಲ್ಕಕ್ಕೂ ಒಂದೊಂದು ಬೊಟ್ಟು ಸುಣ್ಣ ಇಟ್ಟುಕೊಂಡು, ಹೆಸರನ್ನೇ ಕೊರೆಸಿಕೊಳ್ಳದ ಈ ವಸ್ತುವಿನ ಮೇಲೂ ಒಂದು ಸಂಶಯ ಇಟ್ಟುಕೊಂಡು ಮನೆಗೆ ಬಂದರು.

ಮರುದಿನ ಬೆಳಿಗ್ಗೆ ಏಳುಮಲೈಯ ಶೆಡ್ಡಿಗೆ ಜೀಪು ಬಂತು. ಅದರ ಹಿಂದೆ ಹೋಟೆಲಿನ ಒಂದು ಮರದ ಸ್ಟೂಲು ಬಂತು. ಸ್ಟೂಲಿನ ಮೇಲೆ ರಾಯರು ಕೂತರು, ಕೆಲಸ ಮಾಡುವ ಜಾಗಕ್ಕೆ ಎಷ್ಟು ಹತ್ತಿರವೆಂದರೆ ಏಳುಮಲೈ ಸ್ಪ್ಯಾನರ್ ಹಿಂದಕ್ಕೆ ಎಳೆದಾಗಲೆಲ್ಲ ಅವನ ಮೊಣಕೈ ರಾಯರ ಹೊಟ್ಟೆಗೆ ತಾಗುತ್ತಿತ್ತು.

"ಏನು ಸಾಮಿ, ನೀವು ಇಲ್ಲೇ?" ಎಂದು ಅವನು ನಕ್ಕ.

"ಗಾಳಿಗೆ ಬಂದೆ ಮಾರಾಯ."

ಶೆಡ್ಡಿನಲ್ಲಿ ಗಾಳಿ ಇರಲಿಲ್ಲ. ಏಳುಮಲೈ ರಾಯರನ್ನೊಮ್ಮೆ, ಸ್ಟೂಲನ್ನೊಮ್ಮೆ ನೋಡಿ ಕೆಲಸಕ್ಕೆ ಇಳಿದ. ಚಕ್ರ ಬಿಚ್ಚಿದ, ನಡುವಿನ ಆರು ಬೋಲ್ಟು ಬಿಚ್ಚಿದ, ದೊಡ್ಡ ನಟ್ಟು ತೆಗೆದ.

"ಎಂಥದ್ದು ಕೆಳಗೆ ಬಿದ್ದದ್ದು?"

"ವಾಷರ್ ಸಾಮಿ."

"ಎಷ್ಟಿತ್ತು?"

"ಒಂದು."

"ಈಗ ಎಷ್ಟುಂಟು?"

"ಒಂದೇ ಇದೆ ಸಾಮಿ," ಎಂದ ಏಳುಮಲೈ. ಅವನ ದನಿಯಲ್ಲಿ ಮೊದಲಿನ ನಗು ಇರಲಿಲ್ಲ.

ಹಳೆಯ ಬೇರಿಂಗುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಉರುಳೆಗಳೆಲ್ಲ ಸಿಡುಬಿನ ಮುಖದ ಹಾಗೆ ಗುಳಿಬಿದ್ದದ್ದನ್ನು ತೋರಿಸಿದ. ಯಾವನೂ ಬಿಸಾಡುವ ವಸ್ತುವನ್ನು ತೊಳೆಯುವುದಿಲ್ಲ ಎಂದು ರಾಯರು ತಕ್ಷಣ ಆ ನಾಲ್ಕನ್ನೂ ತಮ್ಮ ಕೈಚೀಲಕ್ಕೆ ಹಾಕಿಕೊಂಡರು. ಹೊಸದಕ್ಕೆ ಅಂಗೈಯಲ್ಲಿ ಗ್ರೀಸು ಹಿಡಿದು ಉರುಳೆಯ ಸಂದುಸಂದಿಗೂ ಒತ್ತಿ ತುಂಬಿದಾಗ ಸುಣ್ಣದ ಬೊಟ್ಟು ಮುಚ್ಚಿಹೋಯಿತೆಂದು ತಕರಾರು ತೆಗೆದರು. ಏಳುಮಲೈ ಒರೆಸಿ ಬೊಟ್ಟು ತೋರಿಸಿದ. ನಾಲ್ಕು ಸಲ ತೋರಿಸಿದ.

ಇಷ್ಟೆಲ್ಲ ಆಗಿ, ಕೊನೆಯಲ್ಲಿ ನಡೆಯಿತು ನೋಡಿ ಅನರ್ಥ. ಏಳುಮಲೈ ಚಕ್ರ ತಿರುಗಿಸುತ್ತ ತಿರುಗಿಸುತ್ತ ದೊಡ್ಡ ನಟ್ಟನ್ನು ಬಿಗಿದ. ಚಕ್ರ ತಿರುಗಲಾರದೆ ನಿಲ್ಲುವ ತನಕ ಬಿಗಿದ. ರಾಯರಿಗೆ ಸಮಾಧಾನವಾಯಿತು. ಮರುಕ್ಷಣ, ರಾಯರ ಎರಡು ಕಣ್ಣಿನ ಎದುರೇ, ಅದೇ ನಟ್ಟನ್ನು ಹಿಂದಕ್ಕೆ ತಿರುಗಿಸಿ ಸಡಿಲ ಬಿಟ್ಟ!

ರಾಯರು ಸ್ಟೂಲಿನಿಂದ ಎದ್ದೇಬಿಟ್ಟರು. "ಬಿಗಿದದ್ದನ್ನು ಯಾಕೆ ಬಿಚ್ಚಿದೆ?"

"ಬಿಚ್ಚಲಿಲ್ಲ ಸಾಮಿ, ಒಂಚೂರು ಸಡಿಲ ಬಿಟ್ಟೆ. ಹಾಗೇ ಮಾಡೋದು. ಪೂರಾ ಬಿಗಿ ಇಟ್ರೆ ಬಿಸಿಯಾಗಿ ಸುಟ್ಟೋಗುತ್ತೆ. ಅದಕ್ಕೂ ಉಸಿರಾಡೋಕೆ ಜಾಗ ಬೇಡ್ವಾ?"

"ಕಬ್ಬಿಣಕ್ಕೆ ಉಸಿರಾ?"

ಏಳುಮಲೈ ವಾಷರಿನ ಅಂಚನ್ನು ನಟ್ಟಿನ ಮೇಲೆ ಮಡಚಿ ಬಡಿದು ಕೂರಿಸಿದ. ರಾಯರು ಸ್ಟೂಲನ್ನು ಅಲ್ಲೇ ಮರೆತು, ಜೀಪು ಹತ್ತಿ ಮನೆಗೆ ಬಂದರು. ಜೀಪು ಗುಂಯ್ ಎನ್ನಲಿಲ್ಲ. ಅದು ಕೂಡ ಅವರಿಗೆ ಸರಿಕಾಣಲಿಲ್ಲ.

"ನಾನು ಹೇಳ್ಲಿಲ್ವಾ!" ಎಂದು ಕಿಟ್ಟಣ್ಣ ತೊಡೆ ತಟ್ಟಿದ. "ಇವತ್ತು ಸಡಿಲ ಬಿಡ್ತಾನೆ, ನಾಳೆ ಅಲ್ಲಾಡ್ತದೆ, ನಾಡಿದ್ದು ನೀವು ಪುನಃ ಅವನ ಶೆಡ್ಡಿನ ಎದುರು. ಇಲ್ಲದಿದ್ರೆ ಅವನಿಗೆ ಊಟ ಹೇಗೆ? ಮದುವೆ ದಿನ ಮೌಂಟ್ ರೋಡಿನಲ್ಲಿ ಚಕ್ರ ಒಂದು ಕಡೆ, ಇಡ್ಲಿ ಒಂದು ಕಡೆ, ನೀವೊಂದು ಕಡೆ!"

"ಸುಮ್ಮನಿರಿ, ಆ ಕೆಲಸ ಗೊತ್ತಿದ್ದವನು ಅವನು," ಎಂದಳು ಅಮ್ಮಣ್ಣಿ. "ನೀವು ಅದಕ್ಕೆ ಕೈ ಹಾಕ್ಬೇಡಿ."

ಹೆಂಡತಿ ಏಳುಮಲೈಯ ಪರ ಮಾತಾಡಿದ್ದು ಯಾಕೆ ಎಂದು ರಾಯರು ಒಂದು ಗಳಿಗೆ ಯೋಚಿಸಿದರು. ಆಮೇಲೆ ಕೈ ಹಾಕಿದರು.

ಮದುವೆಯ ಮುನ್ನಾದಿನ ಮಧ್ಯಾಹ್ನ ಮೂರಕ್ಕೆ, ಹೋಟೆಲಿನಲ್ಲಿ ಗಿರಾಕಿ ಇಲ್ಲದ ಹೊತ್ತು ನೋಡಿ, ಭಾವ ಭಾವಮೈದ ಇಬ್ಬರೂ ಹಿತ್ತಲಿನಲ್ಲಿ ಬಲಗಡೆಯ ಚಕ್ರ ಬಿಚ್ಚಿದರು. ಜೀಪಿನ ಜೊತೆಗೇ ಬಂದ ಮಿಲಿಟರಿ ಸ್ಪ್ಯಾನರು ಇತ್ತು. ಅದರ ಹಿಡಿಗೆ ಖಾರ ಕುಟ್ಟುವ ಒನಕೆ ಸಿಕ್ಕಿಸಿದರು. ವಾಷರಿನ ಅಂಚು ಎತ್ತಲು ಕಾಯಿ ಒಡೆಯುವ ಕತ್ತಿಯ ಬೆನ್ನು, ಕೈ ಒರೆಸಲು ಒಗ್ಗರಣೆ ಸೌಟು ಹಿಡಿಯುವ ಮಸಿಬಟ್ಟೆ. ಒನಕೆಯ ತುದಿಗೆ ಇಬ್ಬರೂ ಜೋತುಬಿದ್ದು "ಹುಂ" ಎಂದರು. ನಟ್ಟು ಕಿರ್ರೆಂದು ಕೂತಿತು. ಇನ್ನೊಂದು "ಹುಂ".

ಹಿಂದಿನ ಮನೆಯ ಮಹಡಿಯಿಂದ ಭೀಮಾಬಾಯಿ ಬಗ್ಗಿ ನೋಡಿದರು. "ಏನೋ ಸದಾನಂದಾ, ಗಾಡಿಗೆ ಒಗ್ಗರಣೆ ಹಾಕ್ತಿದ್ದೀಯಾ?"

"ಏನಿಲ್ಲ ಬಾಯಿ, ಗಾಳಿಗೆ ಬಂದೆ," ಎಂದರು ರಾಯರು.

ಎಡಗಡೆಯ ಚಕ್ರಕ್ಕೆ ಕೈ ಹಚ್ಚುವಷ್ಟರಲ್ಲಿ ನಾಲ್ಕು ಗಂಟೆಯ ಗಿರಾಕಿಗಳು ಬಂದರು. ಇಡ್ಲಿ ಉಪ್ಪಿಟ್ಟಿನ ಹೊತ್ತು. ಎಡಗಡೆಯದು ಹಾಗೆಯೇ ಉಳಿಯಿತು.

ಮದುವೆಯ ಬೆಳಿಗ್ಗೆ ಆರಕ್ಕೆ ಜೀಪು ಹೊರಟಿತು. ಹಿಂದೆ ಇಡ್ಲಿಯ ಹಂಡೆಗಳು, ಸಾಂಬಾರಿನ ಅಂಡೆ, ಅವನ್ನು ಅಪ್ಪಿಕೊಂಡು ತಿರುಮಲ. ಒಂದು ಇಡ್ಲಿಯೂ ಹಳೆಯದಲ್ಲ, ಎಲ್ಲ ಆ ದಿನದ್ದೇ. ಹನ್ನೊಂದು ವರ್ಷದಲ್ಲಿ ಅಷ್ಟು ಶುದ್ಧ ಮನಸ್ಸಿನಿಂದ ರಾಯರು ಎಂದೂ ಅಡುಗೆ ಮಾಡಿಸಿರಲಿಲ್ಲ. ಕೋಟೆ ದಾಟುವಾಗ ಜೀಪು ಬಲಕ್ಕೆ ಎಳೆಯತೊಡಗಿತು. ಮೌಂಟ್ ರೋಡಿಗೆ ಬರುವಷ್ಟರಲ್ಲಿ ಸುಟ್ಟ ವಾಸನೆ.

"ತಿರುಮಲಾ, ಸಾಂಬಾರು ತಳ ಹಿಡಿದಿದೆಯಾ?"

"ಅಣ್ಣಾ, ಕೆಳಗೆ ಒಲೆ ಎಲ್ಲುಂಟು ತಳ ಹಿಡೀಲಿಕ್ಕೆ?"

ಅಷ್ಟರಲ್ಲಿ ಬಲಚಕ್ರದ ನಡುವಿನಿಂದ ಹೊಗೆ ಎದ್ದಿತು, ಕರ್ಕಶವಾಗಿ ಕಿರುಚಿ ಜೀಪು ರಸ್ತೆಯ ಮಧ್ಯದಲ್ಲಿ ನಿಂತುಹೋಯಿತು. ನಾಲ್ಕು ಚಕ್ರಕ್ಕೂ ಇಂಜಿನ್ನಿನ ಬಲವಿದ್ದರೂ ಒಂದು ಚಕ್ರ ಒಲ್ಲೆನೆಂದರೆ ಮೂರೇನು ಮಾಡಿಯಾವು? ಆ ಹೊತ್ತಿಗೆ ಸಿಕ್ಕಿದ ಎರಡು ಜಟಕಾಗಳಿಗೆ ಹಂಡೆಗಳನ್ನು ಏರಿಸಿ ಟಿ. ನಗರ ಮುಟ್ಟುವಾಗ ಗಂಟೆ ಒಂಬತ್ತೂ ಮುಕ್ಕಾಲು. ಬೀಗರು ಎರಡು ಗಂಟೆ ಬರಿಯ ಕಾಫಿ ಕುಡಿದು ಕೂತಿದ್ದರು. ವಕೀಲರು ಹಂಡೆಯ ಮುಚ್ಚಳ ತೆಗೆದು, ಒಂದು ಇಡ್ಲಿ ಎತ್ತಿ ಬೆರಳಲ್ಲಿ ಒತ್ತಿದರು. ತಣ್ಣಗೆ, ಗಟ್ಟಿ.

"ಸದಾನಂದ ರಾಯರೇ, ಇವು ಇವತ್ತಿನವೋ, ನಿನ್ನೆಯವೋ?"

ಈ ಒಂದು ದಿನ ರಾಯರು ಸತ್ಯವಂತರಾಗಿದ್ದರು, ಇದೇ ದಿನ ಸಂಶಯ ಅವರ ಬಾಗಿಲಿಗೆ ಬಂದಿತ್ತು. "ಆ ಏಳುಮಲೈ! ಹಳೇ ಬೇರಿಂಗ್ ಹಾಕಿ ಮೋಸ ಮಾಡಿದ್ದಾನೆ ಸ್ವಾಮಿ!" ಎಂದು ಕೂಗಿಬಿಟ್ಟರು. ತೊಳೆದ ಹಳೆಯ ಬೇರಿಂಗುಗಳು ತಮ್ಮ ಮನೆಯ ಉಗ್ರಾಣದಲ್ಲೇ ಕೈಚೀಲದಲ್ಲಿ ತೂಗುತ್ತಿರುವುದು ಆ ಗಳಿಗೆಯಲ್ಲಿ ಅವರ ನೆನಪಿಗೆ ಬರಲಿಲ್ಲ.

"ಹಾಗಾದರೆ ಪೊಲೀಸಿನವರ ಎದುರು ಬಿಚ್ಚಿಸಿ ತೋರಿಸಿ," ಎಂದರು ವಕೀಲರು. "ತಪ್ಪು ಅವನದೆಂದು ರುಜುವಾತಾದರೆ ಅಂಗಡಿಯ ವಿಷಯ ಮತ್ತೆ ಮಾತಾಡೋಣ. ನಾಳೆ ಕೋರ್ಟಿಗೆ ಹೋಗುವ ಮೊದಲು ನಾನೇ ಬರ್ತೇನೆ."

ಮರುದಿನ ಏಳುಮಲೈಯ ಶೆಡ್ಡಿನ ಮುಂದೆ ರಾಯಪುರಂನ ಅರ್ಧ ಜನ ಸೇರಿದ್ದರು. ಜೀಪನ್ನು ಹಿಂದಿನ ಸಂಜೆಯೇ ಎತ್ತುಗಳಿಂದ ಎಳೆಸಿ ತಂದಾಗಿತ್ತು. ಕರಿಕೋಟು ಹಾಕಿದ ವಕೀಲರು ಒಂದು ಕಡೆ, ಮೀಸೆಯ ಹೆಡ್ ಕಾನ್‌ಸ್ಟೇಬಲ್ಲು ಪುಸ್ತಕ ಹಿಡಿದು ಇನ್ನೊಂದು ಕಡೆ. ಕಿಟ್ಟಣ್ಣ ರಾಯರ ಬೆನ್ನ ಹಿಂದೆ. ಏಳುಮಲೈ ಯಾರನ್ನೂ ನೋಡಲಿಲ್ಲ. ಕಳ್ಳನೆಂದು ಬೀದಿಯೆಲ್ಲ ಕರೆಸಿಕೊಂಡವನ ಮುಖ ಕಪ್ಪಿಟ್ಟಿತ್ತು.

ಮೊದಲು ಎಡಚಕ್ರ ಬಿಚ್ಚಿದ. ಬೇರಿಂಗನ್ನು ಒರೆಸಿ ಎತ್ತಿ ಹಿಡಿದ. ಸುಣ್ಣದ ಬೊಟ್ಟು ಬೆಳ್ಳಗೆ ಕಂಡಿತು. "ಯಾರ ಗುರುತು ಸಾಮಿ ಇದು?"

"ನನ್ನದೇ," ಎಂದರು ರಾಯರು ಮೆಲ್ಲಗೆ.

ಆಮೇಲೆ ಬಲಚಕ್ರ. ಬೇರಿಂಗು ನೀಲಿಗಟ್ಟಿ ಸುಟ್ಟಿತ್ತು, ಅದರ ಮೇಲೂ ಬೊಟ್ಟಿನ ಕಲೆ ಇತ್ತು. ಏಳುಮಲೈ ವಾಷರನ್ನು ಬೆಳಕಿಗೆ ಹಿಡಿದ. ಅಂಚು ಮಚ್ಚಿನಲ್ಲಿ ಕೊಚ್ಚಿದ ಹಾಗೆ ನುಜ್ಜಾಗಿತ್ತು. ಹೊರಮುಚ್ಚಳದೊಳಗೆ ಸುಡದೆ ಉಳಿದಿದ್ದ ಒಂದಿಷ್ಟು ಗ್ರೀಸನ್ನು ಬೆರಳಿನಿಂದ ತೆಗೆದು, ಮೂಸಿ, ಕಾನ್‌ಸ್ಟೇಬಲ್ಲಿನ ಮುಂದೆ ಚಾಚಿದ.

"ಇದೇನು ನೋಡಿ ಏಟ್ಟಯ್ಯಾ."

ಕಾನ್‌ಸ್ಟೇಬಲ್ಲು ಬಗ್ಗಿ ನೋಡಿದ. ವಕೀಲರು ಕನ್ನಡಕ ಏರಿಸಿ ನೋಡಿದರು. ಗ್ರೀಸಿನಲ್ಲಿ ಮೂರು ಸಾಸಿವೆ ಕಾಳು, ಒಂದು ಕರಿಬೇವಿನ ಎಲೆ.

"ನನ್ನ ಶೆಡ್ಡಲ್ಲಿ ಸಾಸಿವೆ ಇಡೋದಿಲ್ಲ ಸಾರ್," ಎಂದ ಏಳುಮಲೈ.

ಗುಂಪಿನ ಹಿಂದಿನಿಂದ ಭೀಮಾಬಾಯಿ ಸೆರಗು ಸರಿಮಾಡಿಕೊಂಡು ಮುಂದೆ ಬಂದರು. "ನಾನು ಆವತ್ತೇ ಕೇಳಿದೆನಲ್ಲ, ಗಾಡಿಗೆ ಒಗ್ಗರಣೆ ಹಾಕ್ತಿದ್ದೀಯಾ ಅಂತ! ಒನಕೆ ಹಿಡಿದು ಇಬ್ಬರೂ ಜೋತಾಡ್ತಿದ್ದರಪ್ಪ, ಮಂಗಗಳ ಹಾಗೆ."

ರಾಯರು ಹಿಂದಕ್ಕೆ ತಿರುಗಿದರು. ಕಿಟ್ಟಣ್ಣ ಇದ್ದ ಜಾಗದಲ್ಲಿ ಕಿಟ್ಟಣ್ಣ ಇರಲಿಲ್ಲ. ವಕೀಲರು ಕೈಗಡಿಯಾರ ನೋಡಿಕೊಂಡು, "ಅಂಗಡಿ ಬೇರೆಯವರಿಗೆ ಕೊಡ್ತೇನೆ ರಾಯರೇ," ಎಂದು ಹೇಳಿ ಕಾರು ಹತ್ತಿದರು. ಟಿ. ನಗರ ಹೋಯಿತು.

ಕಾನ್‌ಸ್ಟೇಬಲ್ಲು ಪುಸ್ತಕದಲ್ಲಿ ಸಾಸಿವೆಯನ್ನು ಬರೆಯಬೇಕೋ ಬೇಡವೋ ತಿಳಿಯದೆ ಏಳುಮಲೈಯನ್ನು ಕೇಳಿದ: "ಸುಮ್ಮಸುಮ್ಮನೆ ಕಳ್ಳ ಅಂದಿದ್ದಾರೆ. ನೀನು ತಿರುಗಿ ಕಂಪ್ಲೇಂಟ್ ಕೊಡ್ತೀಯಾ?"

"ಬೇಡ ಏಟ್ಟಯ್ಯಾ. ಇವರು ನನ್ನ ಶೆಡ್ಡಲ್ಲಿ ಒಂದು ದಿವಸ ಸ್ಟೂಲ್ ಹಾಕ್ಕೊಂಡು ಕಾವಲು ಕೂತ್ರು. ನಾನೂ ಇವರ ಅಡುಗೆಮನೇಲಿ ಒಂದು ದಿವಸ ಕೂರ್ತೀನಿ. ಅಲ್ಲಿಗೆ ಸರಿಹೋಯ್ತು."

ಜನರೆಲ್ಲ ಭಲೇ ಎಂದರು. ರಾಯರ ಲೆಕ್ಕ ಮಾತ್ರ ಬೇರೆಯಿತ್ತು. ಟಿ. ನಗರ ಹೋದದ್ದು ಹೋಯಿತು, ಇಡ್ಲಿ ಉಪ್ಪಿಟ್ಟಿನ ಗುಟ್ಟು ಹೊರಬಿದ್ದರೆ ರಾಯಪುರಂ ಕೂಡ ಹೋಗುತ್ತದೆ.

ಮರುದಿನ ಬೆಳಿಗ್ಗೆ ಏಳುಮಲೈ ಬಂದ. ಮಿಂದು, ವಿಭೂತಿ ಇಟ್ಟು, ಬಿಳಿ ಪಂಚೆ ಉಟ್ಟು, ಕೈಯಲ್ಲಿ ರಾಯರು ಮರೆತಿದ್ದ ಅದೇ ಸ್ಟೂಲು. ಅದನ್ನು ಒಲೆಯ ಪಕ್ಕ ಇಟ್ಟು ಕೂತ. ತಿರುಮಲ ಅವನನ್ನೇ ನೋಡುತ್ತ ಚಟ್ನಿಗೆ ಎರಡು ಸಲ ಉಪ್ಪು ಹಾಕಿದ. ರಾಯರು ಏನಾದರೊಂದು ನೆಪ ಹೇಳಿ ಒಳಗೆ ಬರುವರು, ಏಳುಮಲೈಯ ಕಣ್ಣು ಎಲ್ಲಿದೆಯೆಂದು ನೋಡುವರು, ಹೊರಗೆ ಹೋಗುವರು. ಬೆಳಗಿನ ಇಡ್ಲಿಯಲ್ಲಿ ಒಂದು ಬುಟ್ಟಿ ಉಳಿದಿತ್ತು. ರಾಯರು ಅದನ್ನು ಬಟ್ಟೆ ಮುಚ್ಚಿ ಅಕ್ಕಿ ಮೂಟೆಯ ಹಿಂದೆ ತಳ್ಳಿ, ತಿರುಮಲನ ಕಿವಿಯಲ್ಲಿ, "ಹೊಸ ಇಡ್ಲಿ ಬೇಯಿಸು. ಅದನ್ನೇ ಪುಡಿ ಮಾಡಿ ಒಗ್ಗರಣೆ ಕೊಡು," ಎಂದರು.

ನಾಲ್ಕು ಗಂಟೆಗೆ ಇಡ್ಲಿ ಉಪ್ಪಿಟ್ಟು ಮೇಜುಗಳಿಗೆ ಹೋಯಿತು. ಮೊದಲು ಪೋಸ್ಟ್‌ಮ್ಯಾನ್ ತಟ್ಟೆ ದೂಡಿದ. ಆಮೇಲೆ ಬಂದರಿನ ಕೂಲಿಗಳ ಮೇಜಿನಿಂದ ಗದ್ದಲ ಎದ್ದಿತು.

"ಸಾಮಿ, ಇದೇನಿದು ಅಂಟಂಟು? ಮೆತ್ತಗೆ ಗಂಜಿ ಹಾಗಿದೆ!"

"ಹೊಸ ಇಡ್ಲೀಲಿ ಮಾಡಿದ್ದೀರಾ?" ಎಂದು ಪೋಸ್ಟ್‌ಮ್ಯಾನ್ ಗಲ್ಲಾದ ಹತ್ತಿರವೇ ಬಂದು ನಿಂತ. "ಇಷ್ಟು ವರ್ಷ ಬಂದ ಗಿರಾಕಿಗೆ ಮೋಸ ಮಾಡ್ತೀರಾ? ಬೆಳಗಿನ ಇಡ್ಲಿ ಎಲ್ಲಿ?"

ಅಡುಗೆಮನೆಯ ಬಾಗಿಲಲ್ಲಿ ಏಳುಮಲೈ ಕಾಣಿಸಿಕೊಂಡ. ಅವನ ಸೊಂಟದ ಮೇಲೆ ಅಕ್ಕಿ ಮೂಟೆಯ ಹಿಂದಿನ ಬುಟ್ಟಿ ಇತ್ತು.

"ಬೆಳಗಿನದು ಇಲ್ಲಿದೆ ಸಾಮಿ. ಇದರಲ್ಲಿ ಮಾಡ್ಸಿ. ಬೆಳಗ್ಗಿಂದ ಅದಕ್ಕೇ ಕಾದು ಕೂತಿದ್ದೀನಿ."

"ನಿನಗೆ... ನಿನಗೆ ಗೊತ್ತಿತ್ತಾ?"

"ಹನ್ನೊಂದು ವರ್ಷದಿಂದ ಗೊತ್ತು. ಇಡೀ ರಾಯಪುರಂಗೆ ಗೊತ್ತು. ಒಂದು ಹೊತ್ತು ಆರಿದ್ರೇನೇ ಅದು ಉದುರುದುರಾಗೋದು, ಅದು ನಿಮ್ಮ ಕೈಚಳಕ."

"ಗೊತ್ತಿದ್ದೂ ಒಂದು ದಿನವೂ ಕೇಳ್ಲಿಲ್ವಾ ಮಾರಾಯ?"

"ಯಾಕೆ ಕೇಳ್ಬೇಕು? ನಿಮ್ಮ ಕೆಲಸ ನಿಮಗೆ ಗೊತ್ತು ಅಂತ ತಿಂದ್ವಿ," ಎಂದ ಏಳುಮಲೈ.

ರಾಯರು ತುಂಬ ನಾಚಿದರು. ಎಷ್ಟು ನಾಚಿದರೆಂದರೆ, ತಿರುಮಲನ ಕೈಯಿಂದ ಬಾಣಲೆ ಕಿತ್ತುಕೊಂಡು, ಬೆಳಗಿನ ಇಡ್ಲಿಯ ಉಪ್ಪಿಟ್ಟನ್ನು ತಾವೇ ಕಲಸಿ, ಮೂಲೆಮೇಜಿಗೆ ತಾವೇ ಬಡಿಸಿದರು. ಏಳುಮಲೈ ತಟ್ಟೆ ಕೂಡ ನೋಡದೆ ತುತ್ತೆತ್ತಿ ಬಾಯಿಗಿಟ್ಟ.

"ಏಳುಮಲೈ," ಎಂದರು ರಾಯರು, ಅವನು ಕೈತೊಳೆದು ಹೊರಟಾಗ. "ಬಲಚಕ್ರಕ್ಕೆ ಹೊಸ ಬೇರಿಂಗು ನೀನೇ ತಂದು ಹಾಕು. ನಾನು ಬರುವುದಿಲ್ಲ. ಮತ್ತೆ... ಸಡಿಲ ಬಿಡು, ಆಯ್ತಾ? ಎಷ್ಟು ಬೇಕೋ ಅಷ್ಟು."

ಏಳುಮಲೈ ಮೂರು ದಿನದಲ್ಲಿ ಮೊದಲ ಸಲ ನಕ್ಕು ಹೋದ.

ಅವನು ಬೀದಿ ದಾಟುವುದನ್ನೇ ಕಾದಿದ್ದವನಂತೆ ಕಿಟ್ಟಣ್ಣ ಹಿತ್ತಲ ಬಾಗಿಲಿನಿಂದ ಒಳಗೆ ಬಂದ. ರಾಯರ ಕಿವಿಯ ಹತ್ತಿರ ಬಗ್ಗಿ, "ಭಾವ, ಅವನು ಇಷ್ಟು ಒಳ್ಳೆಯವನಾಗಿ ಹೋದ ಅಂದ್ರೆ ಒಳಗೆ ಎಂಥದೋ ಉಂಟು," ಎಂದ.

ರಾಯರು ಯಾರೂ ಮುಟ್ಟದೆ ಬಿಟ್ಟಿದ್ದ ಅಂಟಂಟು ಉಪ್ಪಿಟ್ಟಿನ ಪಾತ್ರೆಯನ್ನು ಇಡಿಯಾಗಿ ಎತ್ತಿ ಅವನ ಮುಂದೆ ಕುಕ್ಕಿ, ಅದೇ ಸ್ಟೂಲನ್ನು ಎಳೆದು ಎದುರಿಗೆ ಹಾಕಿಕೊಂಡು ಕೂತರು.

"ಎಲ್ಲ ಹೊಸತೇ. ಒಂದು ಅಗುಳೂ ಬಿಡದ ಹಾಗೆ ತಿನ್ನು. ನಾನು ನೋಡ್ತಾ ಇರ್ತೇನೆ."